ಚಾ ಸೋಸುವ ಬಟ್ಟೆ ಮತ್ತು ನಾಲ್ಕನೇ ಸಮೀಕರಣ

ಕಳೆದ ರಜೆಯಲ್ಲಿ ನಮ್ಮ ಕಾಲೇಜಿಗೆ ಬಂದಿದ್ದಾಗ ದ್ವಿತೀಯ ಪಿಯುಸಿ ವಿಜ್ಞಾನದ ಒಬ್ಬ ತಮ್ಮ ಸ್ಟಾಫ್ ರೂಮಿನ ಹೊರಗೆ ನನ್ನನ್ನು ನಿಲ್ಲಿಸಿ ಕೇಳಿದ: "ಅಣ್ಣಾ, ಇಲೆಕ್ಟ್ರಾನಿಕ್ಸ್ ತೆಗೊಂಡ್ರೆ ಅದರಲ್ಲಿ ಒಂದು ಸಬ್ಜೆಕ್ಟ್ ಉಂಟಂತಲ್ಲ, ತುಂಬ ಜನ ಫೇಲಾಗುವುದು?" ನಾನು, "ಉಂಟು, ನಾನೂ ಅದರಲ್ಲಿ ಫೇಲಾದವನೇ" ಎಂದೆ. ಅವನು ನಕ್ಕುಬಿಟ್ಟ. ತಮಾಷೆ ಎಂದುಕೊಂಡಿರಬೇಕು. ಅಷ್ಟರಲ್ಲಿ ಬೆಲ್ ಹೊಡೆಯಿತು, ಅವನು ಲ್ಯಾಬಿಗೆ ಓಡಿದ. ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ವಿಷಯದ ಹೆಸರು ಇಲೆಕ್ಟ್ರೋಮ್ಯಾಗ್ನೆಟಿಕ್ ಥಿಯರಿ, ಕನ್ನಡದಲ್ಲಿ ವಿದ್ಯುತ್ಕಾಂತ ಸಿದ್ಧಾಂತ. ಹಾಸ್ಟೆಲಿನಲ್ಲಿ ಎಲ್ಲರೂ ಬರೀ "ಫೀಲ್ಡ್ಸ್" ಎನ್ನುತ್ತಾರೆ. ಅದರ ಪುಸ್ತಕ ತೆರೆದರೆ ಮೊದಲು ಆಶ್ಚರ್ಯವೇ ಆಗುತ್ತದೆ. ಕೂಲಂಬ್, ಗೌಸ್, ಆಂಪಿಯರ್, ಫ್ಯಾರಡೆ ಎಲ್ಲರೂ ನಮಗೆ ಪಿಯುಸಿಯಲ್ಲೇ ಪರಿಚಯ ಆದವರು. ನಾನು ಆ ಧೈರ್ಯದಲ್ಲೇ ಇದ್ದೆ. ಪಿಯುಸಿಯಲ್ಲಿ ಭೌತಶಾಸ್ತ್ರ ನನ್ನ ಒಳ್ಳೆಯ ವಿಷಯ, ಸಿಇಟಿಯಲ್ಲೂ ನನ್ನನ್ನು ದಡ ಸೇರಿಸಿದ್ದು ಅದೇ.

ಎಡವಿದ್ದು ಎಲ್ಲಿ ಎಂದು ಹೇಳಬೇಕಾದರೆ ಪರೀಕ್ಷೆಯ ಒಂದು ಪ್ರಶ್ನೆಯಿಂದಲೇ ಶುರುಮಾಡಬೇಕು. ಒಂದು ಬಳೆ ಇದೆ ಎಂದುಕೊಳ್ಳಿ. ಅದರ ಮೇಲೆಲ್ಲ ವಿದ್ಯುದಾವೇಶ ಒಂದೇ ಸಮನಾಗಿ ಹರಡಿದೆ. ಬಳೆಯ ಕೇಂದ್ರದಿಂದ ನೇರ ಮೇಲೆ, ಒಂದಿಷ್ಟು ಎತ್ತರದಲ್ಲಿ ವಿದ್ಯುತ್ ಕ್ಷೇತ್ರ ಎಷ್ಟು, ಯಾವ ದಿಕ್ಕಿಗೆ? ನಾನು ಸೂತ್ರ ಬರೆದೆ, ಇಂಟಿಗ್ರಲ್ ಹಾಕಿದೆ, ಒಂದೂವರೆ ಪುಟ ತುಂಬಿಸಿದೆ. ಉತ್ತರದಲ್ಲಿ ಎರಡು ಭಾಗಗಳಿದ್ದವು: ಒಂದು ಮೇಲ್ಮುಖ, ಇನ್ನೊಂದು ಪಕ್ಕಕ್ಕೆ. ಅದರ ಕೆಳಗೆ ಎರಡು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋದೆ.

ಪಕ್ಕಕ್ಕೆ ಅಂದರೆ ಯಾವ ಪಕ್ಕಕ್ಕೆ? ಬಳೆ ಎಲ್ಲ ಕಡೆಯಿಂದ ಒಂದೇ ಥರ ಇದೆ. ಅದರ ನಟ್ಟನಡುವೆ ಮೇಲೆ ನಿಂತವನಿಗೆ ಪೂರ್ವಕ್ಕೆ ವಾಲಲು ಇರುವಷ್ಟೇ ಕಾರಣ ಪಶ್ಚಿಮಕ್ಕೂ ಇದೆ. ಎದುರುಬದುರಿನ ತುಣುಕುಗಳು ಒಂದನ್ನೊಂದು ಅಳಿಸಿಹಾಕಿ ಮೇಲ್ಮುಖ ಭಾಗ ಮಾತ್ರ ಉಳಿಯಬೇಕು. ಇದು ಹತ್ತನೇ ತರಗತಿಯ ಹುಡುಗನಿಗೂ ಹೊಳೆಯುವ ಮಾತು. ನನಗೆ ಹೊಳೆಯಲಿಲ್ಲ, ಏಕೆಂದರೆ ನಾನು ಬಳೆಯ ಚಿತ್ರವನ್ನೇ ಬರೆದಿರಲಿಲ್ಲ.

ಲೆಕ್ಕದಲ್ಲಿ ತಪ್ಪು ನುಸುಳಿದ್ದು ಹೀಗೆ. ಇಲ್ಲಿ ಎಕ್ಸ್, ವೈ, ಝಡ್ ಎಂಬ ಪರಿಚಿತ ಅಕ್ಷಗಳ ಜೊತೆ ಕೊಳವೆ ಆಕಾರಕ್ಕೆ ಹೊಂದುವ ಸಿಲಿಂಡ್ರಿಕಲ್, ಗೋಳಕ್ಕೆ ಹೊಂದುವ ಸ್ಫೆರಿಕಲ್ ಎಂಬ ಅಳತೆಯ ಪದ್ಧತಿಗಳೂ ಬರುತ್ತವೆ. ಎಕ್ಸ್ ದಿಕ್ಕು ಎಲ್ಲಿ ನಿಂತರೂ ಒಂದೇ. ಆದರೆ "ಕೇಂದ್ರದಿಂದ ಹೊರಕ್ಕೆ" ಎಂಬ ದಿಕ್ಕು ನೀವು ನಿಂತ ಜಾಗದ ಮೇಲೆ ಹೋಗುತ್ತದೆ. ಭೂಮಿಯನ್ನೇ ನೆನೆಸಿಕೊಳ್ಳಿ. ಮಂಗಳೂರಿನಲ್ಲಿ ನಿಂತವನಿಗೂ ಲಂಡನ್ನಿನಲ್ಲಿ ನಿಂತವನಿಗೂ "ಮೇಲೆ" ಎಂಬ ಶಬ್ದ ಒಂದೇ, ಇಬ್ಬರೂ ಬೆರಳು ತೋರಿಸುವ ದಿಕ್ಕು ಬೇರೆ. ಬಳೆಯ ಪ್ರತಿ ತುಣುಕಿಗೂ ಈ ದಿಕ್ಕು ಬದಲಾಗುತ್ತಾ ಹೋಗುತ್ತದೆ. ನಾನು ಅದನ್ನು ಬದಲಾಗದ ಸಂಖ್ಯೆ ಎಂಬಂತೆ ಇಂಟಿಗ್ರಲಿನ ಹೊರಗೆ ಎಳೆದುಬಿಟ್ಟಿದ್ದೆ. ಇನ್ನೊಂದು ಲೆಕ್ಕದಲ್ಲೂ ಇದೇ ತಪ್ಪು. ಫಲಿತಾಂಶ ಬಂದಾಗ ಪಾಸಾಗಲು 9 ಅಂಕ ಕಡಿಮೆ ಬಿದ್ದಿತ್ತು.

ಅಬ್ಬನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣ ಚಾ ಹೋಟೆಲ್ ಇದೆ. ನನ್ನ ಫೀಸು ಕಟ್ಟುವುದು ದಮ್ಮಾಮಿನಲ್ಲಿ ಎಸಿ ಕೆಲಸ ಮಾಡುವ ಅಣ್ಣ. ಫೋನಿನಲ್ಲಿ ಹೇಳಿದಾಗ ಅವನು ಬೈಯಲಿಲ್ಲ. "ಪುನಃ ಬರೆಯಲಿಕ್ಕೆ ಎಷ್ಟು ಕಟ್ಟಬೇಕು?" ಎಂದು ಮಾತ್ರ ಕೇಳಿದ. ಬೈದಿದ್ದರೆ ಇಷ್ಟು ಕಷ್ಟ ಆಗುತ್ತಿರಲಿಲ್ಲ. ಆ ವಾರ ನಾನು ಉಮ್ಮನ ಹತ್ತಿರ, ಇಂಜಿನಿಯರಿಂಗ್ ಸಾಕು, ಬಿ.ಕಾಂ.ಗೆ ಸೇರುತ್ತೇನೆ ಎಂದೆ. ಉಮ್ಮ, "ಮೊದಲು ಊಟ ಮಾಡು" ಎಂದರು. ರಜೆ ಮುಗಿಯುವವರೆಗೆ ಹೋಟೆಲಿನಲ್ಲಿ ಅಬ್ಬನಿಗೆ ಸಹಾಯಕ್ಕೆ ನಿಲ್ಲುವುದೆಂದು ತೀರ್ಮಾನವಾಯಿತು. ಪುಸ್ತಕವನ್ನು ಕ್ಯಾಶ್ ಮೇಜಿನ ಕೆಳಗೆ ಇಟ್ಟುಕೊಂಡೆ.

ಅಲ್ಲಿ ಓದಿದ್ದು ನಿಧಾನ. ಗಿರಾಕಿ ಬಂದಾಗ ಎದ್ದೇಳಬೇಕು. ಅದರಿಂದ ಒಂದು ಲಾಭವೂ ಆಯಿತು. ಎದ್ದು ಹೋಗಿ ಬರುವಷ್ಟರಲ್ಲಿ ಸೂತ್ರ ಮರೆತುಹೋಗುತ್ತಿತ್ತು, ಚಿತ್ರ ಮಾತ್ರ ತಲೆಯಲ್ಲಿ ಉಳಿಯುತ್ತಿತ್ತು. ಹಾಗಾಗಿ ಚಿತ್ರವನ್ನೇ ಹಿಡಿದುಕೊಳ್ಳುವುದನ್ನು ಕಲಿತೆ.

ಈ ವಿಷಯದಲ್ಲಿ ಎಲ್ಲರನ್ನೂ ಹೆದರಿಸುವ ಎರಡು ಶಬ್ದಗಳು ಡೈವರ್ಜೆನ್ಸ್ ಮತ್ತು ಕರ್ಲ್. ಬೋರ್ಡಿನ ಮೇಲೆ ತಲೆಕೆಳಗಾದ ತ್ರಿಕೋನ, ಅದರ ಪಕ್ಕ ಚುಕ್ಕೆ ಅಥವಾ ಗುಣಾಕಾರದ ಗುರುತು. ಮೊದಲ ಸಲ ನೋಡಿದಾಗ ಇದು ಬೇರೆ ಯಾವುದೋ ಲಿಪಿ ಎನ್ನಿಸುತ್ತದೆ. ಎರಡನ್ನೂ ನೀರಿನಲ್ಲಿ ನೋಡಬಹುದು. ಅಡಿಕೆ ತೋಟದ ಸ್ಪ್ರಿಂಕ್ಲರ್ ಸುತ್ತ ತಂತಿಬಲೆಯ ಒಂದು ಪೆಟ್ಟಿಗೆ ಇಟ್ಟಿದ್ದೀರಿ ಎಂದುಕೊಳ್ಳಿ. ಬಲೆಯಿಂದ ಹೊರಗೆ ಹೋಗುವ ನೀರಿದೆ, ಒಳಗೆ ಬರುವ ನೀರಿಲ್ಲ. ಅಂದರೆ ಒಳಗೆ ಒಂದು ಮೂಲ ಇದೆ. ಅದೇ ಪೆಟ್ಟಿಗೆಯನ್ನು ಹರಿಯುವ ತೋಡಿನಲ್ಲಿ ಮುಳುಗಿಸಿದರೆ ಒಂದು ಬದಿಯಿಂದ ಬಂದಷ್ಟೇ ನೀರು ಇನ್ನೊಂದು ಬದಿಯಿಂದ ಹೋಗುತ್ತದೆ. ಒಳಗೆ ಮೂಲ ಇಲ್ಲ. ಈ "ಹೋದದ್ದು ಕಳೆ ಬಂದದ್ದು" ಎಂಬ ಲೆಕ್ಕವನ್ನು ಒಂದು ಬಿಂದುವಿನಷ್ಟು ಚಿಕ್ಕ ಪೆಟ್ಟಿಗೆಗೆ ಮಾಡಿದರೆ ಅದೇ ಡೈವರ್ಜೆನ್ಸ್. ವಿದ್ಯುತ್ ಕ್ಷೇತ್ರಕ್ಕೆ ಸ್ಪ್ರಿಂಕ್ಲರ್ ಇದೆ, ಅದು ವಿದ್ಯುದಾವೇಶ. ಇದು ಮ್ಯಾಕ್ಸ್‌ವೆಲ್‌ನ ಮೊದಲ ಸಮೀಕರಣ, ನೀವು ಕಲಿತ ಗೌಸ್ ನಿಯಮವೇ. ಕಾಂತಕ್ಷೇತ್ರಕ್ಕೆ ಸ್ಪ್ರಿಂಕ್ಲರ್ ಇಲ್ಲ. ಅಯಸ್ಕಾಂತವನ್ನು ಎಷ್ಟು ತುಂಡು ಮಾಡಿದರೂ ಉತ್ತರ ದಕ್ಷಿಣ ಎರಡೂ ಜೊತೆಯಲ್ಲೇ ಇರುತ್ತವೆ. ಇದು ಎರಡನೆಯದು.

ಕರ್ಲ್ ಬಗ್ಗೆ ನನಗೆ ಬಹಳ ಕಾಲ ಒಂದು ತಪ್ಪು ಕಲ್ಪನೆ ಇತ್ತು. ನೀರು ಸುಳಿಯಾಗಿ ಸುತ್ತಿದರೆ ಮಾತ್ರ ಕರ್ಲ್ ಇರುತ್ತದೆ ಎಂದುಕೊಂಡಿದ್ದೆ. ನೇರವಾಗಿ ಹರಿಯುವ ಹೊಳೆಯಲ್ಲೂ ಅದು ಇರುತ್ತದೆ. ದಡದ ಹತ್ತಿರ ನೀರು ನಿಧಾನ, ನಡುವೆ ಜೋರು. ಅಲಗುಗಳಿರುವ ಒಂದು ಪುಟ್ಟ ಚಕ್ರವನ್ನು ಇವೆರಡರ ಮಧ್ಯೆ ನಿಲ್ಲಿಸಿ. ನಡು ಹೊಳೆಯ ಕಡೆಗಿನ ಅಲಗಿಗೆ ಹೆಚ್ಚು ತಳ್ಳು, ದಡದ ಕಡೆಯದಕ್ಕೆ ಕಡಿಮೆ. ಒಂದು ಹನಿಯೂ ಸುತ್ತದೆ ಹರಿಯುತ್ತಿದ್ದರೂ ಚಕ್ರ ತಿರುಗುತ್ತದೆ. ಆ ತಿರುಗುವಿಕೆಯ ಅಳತೆಯೇ ಕರ್ಲ್. ಫ್ಯಾರಡೆ 1831ರಲ್ಲಿ ಕಂಡದ್ದನ್ನು ಈ ಭಾಷೆಯಲ್ಲಿ ಹೇಳಿದರೆ: ಕಾಂತಕ್ಷೇತ್ರ ಬದಲಾಗುವ ಕಡೆ ವಿದ್ಯುತ್ ಕ್ಷೇತ್ರ ಈ ಚಕ್ರವನ್ನು ತಿರುಗಿಸುತ್ತದೆ. ಮೂರನೇ ಸಮೀಕರಣ ಇಷ್ಟೇ. ನಮ್ಮ ಮನೆಗೆ ಬರುವ ಕರೆಂಟು ಉತ್ಪಾದನೆಯಾಗುವುದು, ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದು ಇದರಿಂದಲೇ.

ಉಳಿದದ್ದು ನಾಲ್ಕನೆಯದು. ನಿಮ್ಮ ಭೌತಶಾಸ್ತ್ರ ಪುಸ್ತಕದ ಎಂಟನೇ ಅಧ್ಯಾಯ, ಇಲೆಕ್ಟ್ರೋಮ್ಯಾಗ್ನೆಟಿಕ್ ವೇವ್ಸ್, ಶುರುವಾಗುವುದು ಇಲ್ಲಿಂದಲೇ. ಪುಟ್ಟ ಅಧ್ಯಾಯ, ಅಂಕವೂ ಕಡಿಮೆ ಎಂದು ನಾನು ಅದನ್ನು ಪಿಯುಸಿಯಲ್ಲಿ ಹಾರಿಸಿದ್ದೆ. ಆ ಅಧ್ಯಾಯ ಹೇಳುವ ತೊಡಕು ನನಗೆ ಅರ್ಥವಾದದ್ದು ಹೋಟೆಲಿನಲ್ಲಿ, ಚಾ ಸೋಸುವ ಬಟ್ಟೆ ಕೈಯಲ್ಲಿದ್ದಾಗ.

ಆಂಪಿಯರ್ ನಿಯಮ ನಿಮಗೆ ಗೊತ್ತಿದೆ. ಕರೆಂಟು ಹರಿಯುವ ತಂತಿಯ ಸುತ್ತ ಒಂದು ಬಳೆ ಕಲ್ಪಿಸಿಕೊಂಡು, ಬಳೆಯ ಗುಂಟ ಕಾಂತಕ್ಷೇತ್ರವನ್ನು ಕೂಡಿಸುತ್ತಾ ಹೋದರೆ, ಬಳೆಯ ಮೂಲಕ ಹಾಯುವ ಕರೆಂಟು ಎಷ್ಟೆಂದು ತಿಳಿಯುತ್ತದೆ. "ಬಳೆಯ ಮೂಲಕ" ಅಂದರೇನು? ಬಳೆಯನ್ನೇ ಅಂಚಾಗಿ ಉಳ್ಳ ಒಂದು ಹಾಳೆಯ ಮೂಲಕ. ಆ ಹಾಳೆ ಹಪ್ಪಳದಂತೆ ಚಪ್ಪಟೆ ಇರಬೇಕೆಂಬ ನಿಯಮವೇನಿಲ್ಲ. ಈಗ ಸೋಸುವ ಬಟ್ಟೆ ನೋಡಿ. ಸ್ಟೀಲಿನ ಬಳೆ, ಅದಕ್ಕೆ ಹೊಲಿದ ಬಟ್ಟೆಯ ಉದ್ದ ಚೀಲ. ಬಳೆ ಒಂದೇ, ಹಾಳೆಗಳು ಎರಡು: ಬಾಯಿಗೆ ಅಡ್ಡಲಾಗಿ ಕಲ್ಪಿಸಿಕೊಳ್ಳುವ ಚಪ್ಪಟೆ ಹಾಳೆ ಒಂದು, ಕೆಳಗೆ ಜೋತುಬಿದ್ದಿರುವ ಚೀಲ ಇನ್ನೊಂದು.

ಚಾರ್ಜ್ ಆಗುತ್ತಿರುವ ಒಂದು ಕೆಪ್ಯಾಸಿಟರ್ ತೆಗೆದುಕೊಳ್ಳೋಣ. ತಂತಿ ಬಳೆಯ ಬಾಯಿಯಿಂದ ಒಳಗೆ ಹೋಗುತ್ತದೆ, ಅದರ ತುದಿಯ ತಗಡು ಚೀಲದೊಳಗೆ ಇದೆ, ಎದುರಿನ ತಗಡು ಚೀಲದ ಹೊರಗೆ ಕೆಳಗಡೆ ಇದೆ. ಅಂದರೆ ಬಟ್ಟೆ ಎರಡು ತಗಡುಗಳ ನಡುವಿನ ಖಾಲಿ ಜಾಗದಲ್ಲಿ ಹಾದುಹೋಗಿದೆ. ಚಪ್ಪಟೆ ಹಾಳೆಯನ್ನು ಕೇಳಿದರೆ "ನನ್ನ ಮೂಲಕ ಕರೆಂಟು ಹಾಯುತ್ತಿದೆ" ಎನ್ನುತ್ತದೆ. ಚೀಲವನ್ನು ಕೇಳಿದರೆ "ನನ್ನ ಮೂಲಕ ಏನೂ ಇಲ್ಲ, ಖಾಲಿ ಜಾಗ" ಎನ್ನುತ್ತದೆ. ಬಳೆ ಒಂದೇ, ಅದರ ಗುಂಟ ಇರುವ ಕಾಂತಕ್ಷೇತ್ರವೂ ಒಂದೇ. ಹಾಗಿದ್ದ ಮೇಲೆ ಉತ್ತರ ಎರಡಾಗುವುದು ಹೇಗೆ?

ಚಾ ಸುರಿಯುವಾಗ ಇದಕ್ಕೆ ಉತ್ತರ ಕಣ್ಣೆದುರೇ ಇತ್ತು. ನಿಧಾನ ಸುರಿದರೆ ಬಾಯಿಯಿಂದ ಹೋದಷ್ಟೇ ಚಾ ಬಟ್ಟೆಯಿಂದ ಇಳಿಯುತ್ತದೆ. ಜೋರಾಗಿ ಸುರಿದರೆ ಹೋದಷ್ಟು ಇಳಿಯುವುದಿಲ್ಲ, ಚೀಲದಲ್ಲಿ ಮಟ್ಟ ಏರುತ್ತದೆ. ಲೆಕ್ಕ ತಪ್ಪಿಲ್ಲ, ಕಾಣೆಯಾದ ಪಾಲು ಏರುವ ಮಟ್ಟದಲ್ಲಿದೆ. ಕೆಪ್ಯಾಸಿಟರಿನಲ್ಲೂ ತಗಡಿನ ಮೇಲೆ ವಿದ್ಯುದಾವೇಶದ ಮಟ್ಟ ಏರುತ್ತಿದೆ. ಅದು ಏರಿದಂತೆ ಎರಡು ತಗಡುಗಳ ನಡುವಿನ ವಿದ್ಯುತ್ ಕ್ಷೇತ್ರವೂ ಏರುತ್ತಿದೆ. ಆ ಕ್ಷೇತ್ರ ಬಟ್ಟೆಯನ್ನು ಹಾದುಹೋಗುತ್ತಿದೆ. ಬಟ್ಟೆಯ ಮೂಲಕ ಕರೆಂಟು ಇಲ್ಲ ಎಂಬುದು ನಿಜ, ಏನೂ ಇಲ್ಲ ಎಂಬುದು ಸುಳ್ಳು.

ಇದನ್ನು ನೀವೇ ಪರೀಕ್ಷಿಸಬಹುದು, ಇಂಜಿನಿಯರಿಂಗ್ ಬೇಡ. ತಗಡುಗಳ ನಡುವಿನ ಕ್ಷೇತ್ರ ಎಂದರೆ ವಿದ್ಯುದಾವೇಶ ಭಾಗಿಸು ಎಪ್ಸಿಲಾನ್ ನಾಟ್ ಮತ್ತು ವಿಸ್ತೀರ್ಣದ ಗುಣಲಬ್ಧ. ಅದನ್ನು ವಿಸ್ತೀರ್ಣದಿಂದ ಗುಣಿಸಿದರೆ ಫ್ಲಕ್ಸ್. ಫ್ಲಕ್ಸನ್ನು ಎಪ್ಸಿಲಾನ್ ನಾಟ್‌ನಿಂದ ಗುಣಿಸಿದರೆ ವಿದ್ಯುದಾವೇಶ ಮಾತ್ರ ಉಳಿಯುತ್ತದೆ. ಅದು ಸೆಕೆಂಡಿಗೆ ಎಷ್ಟು ಏರುತ್ತದೆ ಎಂದು ಕೇಳಿದರೆ? ತಂತಿಯಲ್ಲಿ ಬರುತ್ತಿರುವ ಕರೆಂಟು! ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮ್ಯಾಕ್ಸ್‌ವೆಲ್ ಆಂಪಿಯರ್ ನಿಯಮಕ್ಕೆ ಸೇರಿಸಿದ ಪದ ಇದೇ, ಡಿಸ್‌ಪ್ಲೇಸ್‌ಮೆಂಟ್ ಕರೆಂಟ್. ಹೆಸರು ಮೋಸಗೊಳಿಸುವಂಥದ್ದು, ಖಾಲಿ ಜಾಗದಲ್ಲಿ ಏನೂ ಹರಿಯುವುದಿಲ್ಲ. ಅಂದ ಹಾಗೆ, ಮ್ಯಾಕ್ಸ್‌ವೆಲ್ ಇದನ್ನು ಕಂಡದ್ದು ಈ ದಾರಿಯಲ್ಲಿ ಅಲ್ಲ. 1861-62ರ ಅವರ ಪ್ರಬಂಧದಲ್ಲಿ ಸುತ್ತುವ ಸುಳಿಗಳು, ಅವುಗಳ ನಡುವೆ ಉರುಳುವ ಸಣ್ಣ ಗುಂಡುಗಳು ಇರುವ ಒಂದು ಕಾಲ್ಪನಿಕ ಯಂತ್ರವೇ ಇದೆ. ನಮ್ಮ ಪಠ್ಯಪುಸ್ತಕದ ದಾರಿ ಅದಕ್ಕಿಂತ ಸುಲಭ.

ಈ ಒಂದು ಪದ ಸೇರಿದ ಮೇಲೆ ಏನಾಗುತ್ತದೆ ನೋಡಿ. ಕಾಂತಕ್ಷೇತ್ರ ಬದಲಾದರೆ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ, ಇದು ಫ್ಯಾರಡೆಯ ಮಾತು. ವಿದ್ಯುತ್ ಕ್ಷೇತ್ರ ಬದಲಾದರೆ ಕಾಂತಕ್ಷೇತ್ರ ಹುಟ್ಟುತ್ತದೆ, ಇದು ಹೊಸ ಮಾತು. ಎರಡೂ ಒಂದನ್ನೊಂದು ಎತ್ತಿಹಿಡಿಯುತ್ತಾ, ತಂತಿಯಾಗಲಿ ವಿದ್ಯುದಾವೇಶವಾಗಲಿ ಇಲ್ಲದ ಜಾಗದಲ್ಲೂ ಮುಂದೆ ಸಾಗಬಲ್ಲವು. ಎಷ್ಟು ವೇಗದಲ್ಲಿ? ಸಮೀಕರಣ ಹೇಳುತ್ತದೆ: ಮ್ಯೂ ನಾಟ್ ಮತ್ತು ಎಪ್ಸಿಲಾನ್ ನಾಟ್‌ಗಳನ್ನು ಗುಣಿಸಿ, ವರ್ಗಮೂಲ ತೆಗೆದು, ಒಂದನ್ನು ಅದರಿಂದ ಭಾಗಿಸಿ.

ಆ ಮಧ್ಯಾಹ್ನ ಹೋಟೆಲಿನ ಕ್ಯಾಲ್ಕುಲೇಟರಿನಲ್ಲಿ ಇದು ಆಗುವುದಿಲ್ಲವೆಂದು ನನ್ನ ಕ್ಯಾಸಿಯೋ ತೆಗೆದೆ. 4 ಪೈ ಇಂಟು 10ರ ಮೈನಸ್ 7ನೇ ಘಾತ, ಇಂಟು 8.854 ಇಂಟು 10ರ ಮೈನಸ್ 12ನೇ ಘಾತ. ವರ್ಗಮೂಲ, ಆಮೇಲೆ ವಿಲೋಮ. ಪರದೆಯ ಮೇಲೆ 2.998 ಇಂಟು 10ರ 8ನೇ ಘಾತ ಬಂತು. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಬೆಳಕಿನ ವೇಗ. ಈ ಸಂಖ್ಯೆ ನನಗೆ ಮೊದಲೇ ಗೊತ್ತಿತ್ತು, ಸೂತ್ರವೂ ಬಾಯಿಪಾಠ ಇತ್ತು. ಆದರೆ ಎಪ್ಸಿಲಾನ್ ನಾಟ್ ಕೆಪ್ಯಾಸಿಟರಿಗೆ ಸಂಬಂಧಿಸಿದ್ದು, ಮ್ಯೂ ನಾಟ್ ಸುರುಳಿ ಸುತ್ತಿದ ತಂತಿಗೆ ಸಂಬಂಧಿಸಿದ್ದು, ಎರಡರಲ್ಲೂ ದೀಪದ ಸುಳಿವೇ ಇಲ್ಲ. ಹೀಗಿದ್ದೂ ಅವುಗಳೊಳಗಿಂದ ಬೆಳಕು ಹೊರಬಂತು ಎಂಬುದು ಆ ದಿನವೇ ತಲೆಗೆ ಹೋದದ್ದು. ಅಬ್ಬನಿಗೆ ತೋರಿಸಿದೆ. ಅವರು ನೋಡಿ, "ಇಷ್ಟು ದೊಡ್ಡ ಬಿಲ್ ಯಾರದ್ದು?" ಎಂದರು.

ಮ್ಯಾಕ್ಸ್‌ವೆಲ್ ಕೂಡ ಇದೇ ಭಾಗಾಕಾರ ಮಾಡಿದ್ದರು, ಆಗ ಅವರಿಗೆ ಮೂವತ್ತು ವರ್ಷ. ಜರ್ಮನಿಯ ವೇಬರ್ ಮತ್ತು ಕೋಲ್‌ರಾಶ್ 1856ರಲ್ಲಿ ಪ್ರಯೋಗಾಲಯದಲ್ಲಿ ಕೇವಲ ವಿದ್ಯುತ್ತನ್ನು ಅಳೆದು ಪಡೆದ ಸಂಖ್ಯೆಯಿಂದ ಸೆಕೆಂಡಿಗೆ ಸುಮಾರು 3,10,000 ಕಿ.ಮೀ. ಬರುತ್ತಿತ್ತು. ಫ್ರಾನ್ಸಿನ ಫಿಜೋ 1849ರಲ್ಲಿ ಹಲ್ಲಿನ ಚಕ್ರ ತಿರುಗಿಸಿ ನೇರವಾಗಿ ಬೆಳಕನ್ನೇ ಅಳೆದಾಗ 3,15,000 ಕಿ.ಮೀ. ಆಸುಪಾಸು ಸಿಕ್ಕಿತ್ತು. ಬೆಳಕು ವಿದ್ಯುತ್ಕಾಂತ ಅಲೆಯೇ ಎಂದು ಮ್ಯಾಕ್ಸ್‌ವೆಲ್ ತೀರ್ಮಾನಿಸಿದರು. ಅಂಥ ಅಲೆಗಳನ್ನು ಹರ್ಟ್ಸ್ ಪ್ರಯೋಗದಲ್ಲಿ ತೋರಿಸಿದ್ದು 1887-88ರಲ್ಲಿ. ಮ್ಯಾಕ್ಸ್‌ವೆಲ್ ಅದಕ್ಕೆ ಮೊದಲೇ, 1879ರಲ್ಲಿ, 48ನೇ ವಯಸ್ಸಿಗೆ ತೀರಿಕೊಂಡಿದ್ದರು. ನಾವು ಇಂದು ಓದುವ ನಾಲ್ಕು ಸಮೀಕರಣಗಳ ರೂಪವೂ ಅವರದ್ದಲ್ಲ. ಅವರು ಬರೆದದ್ದು ಇಪ್ಪತ್ತು. ಅವುಗಳನ್ನು ಇಳಿಸಿ ಕೊಟ್ಟವರು ಆಲಿವರ್ ಹೆವಿಸೈಡ್, ಹದಿನಾರನೇ ವಯಸ್ಸಿಗೆ ಶಾಲೆ ಬಿಟ್ಟು ಟೆಲಿಗ್ರಾಫ್ ಕೆಲಸಕ್ಕೆ ಸೇರಿದವರು. ನಮ್ಮ ದೇಶದಲ್ಲಿ ಜಗದೀಶ್ ಚಂದ್ರ ಬೋಸ್ 1895ರ ಹೊತ್ತಿಗೆ ಕಲ್ಕತ್ತದಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಅಲೆಗಳ ಮೇಲೆ ಕೆಲಸ ಮಾಡುತ್ತಿದ್ದರು.

ಇದೆಲ್ಲ ಭೌತಶಾಸ್ತ್ರದವರಿಗೆ ಸರಿ, ಇಂಜಿನಿಯರಿಗೆ ಏಕೆ ಎಂದು ನಾನೂ ಕೇಳಿದ್ದೆ. ಸರ್ಕ್ಯೂಟ್ ಲೆಕ್ಕಕ್ಕೆ ಓಮ್ ಮತ್ತು ಕಿರ್ಚಾಫ್ ನಿಯಮಗಳು ಸಾಲವೇ? ಸಾಲುತ್ತವೆ, ಅಲೆಯ ಉದ್ದಕ್ಕೆ ಹೋಲಿಸಿದರೆ ಸರ್ಕ್ಯೂಟ್ ತೀರಾ ಚಿಕ್ಕದಾಗಿದ್ದಾಗ. ಮನೆಯ ಕರೆಂಟು 50 ಹರ್ಟ್ಸ್. ಬೆಳಕಿನ ವೇಗವನ್ನು 50ರಿಂದ ಭಾಗಿಸಿದರೆ ಒಂದು ಅಲೆಯ ಉದ್ದ 6,000 ಕಿಲೋಮೀಟರ್. ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಗೆ 3,214 ಕಿ.ಮೀ., ಅಂದರೆ ಅರ್ಧ ಅಲೆಗಿಂತ ಸ್ವಲ್ಪ ಹೆಚ್ಚು. ಹೀಗಿರುವಾಗ ನಿಮ್ಮ ಮನೆಯ ಸ್ವಿಚ್ಚಿನಿಂದ ಫ್ಯಾನಿನವರೆಗಿನ ತಂತಿಗೆ ಅಲೆಯ ಪರಿವೆಯೇ ಇರುವುದಿಲ್ಲ. 100 ಮೆಗಾಹರ್ಟ್ಸ್ ಎಫ್‌ಎಂ ಬಂದಾಗ ಅಲೆ 3 ಮೀಟರ್. 2.4 ಗಿಗಾಹರ್ಟ್ಸ್ ವೈಫೈಗೆ 12.5 ಸೆಂಟಿಮೀಟರ್. ಅದರ ಕಾಲು ಭಾಗ 3 ಸೆಂಟಿಮೀಟರ್ ಚಿಲ್ಲರೆ, ಒಂದು ಬೋರ್ಡಿನ ಮೇಲಿನ ತಾಮ್ರದ ಗೆರೆಯಷ್ಟು. ಗೆರೆಯ ಈ ತುದಿಯಲ್ಲಿ ವೋಲ್ಟೇಜ್ ಶಿಖರದಲ್ಲಿರುವಾಗ ಆ ತುದಿಯಲ್ಲಿ ಸೊನ್ನೆ ಇರಬಹುದು. ಆಗ ತಂತಿ ಬರೀ ತಂತಿಯಾಗಿ ಉಳಿಯುವುದಿಲ್ಲ. ಅದು ಆಂಟೆನಾ ಆಗಬಹುದು, ಸಿಗ್ನಲನ್ನು ಹಿಂದಕ್ಕೆ ತಳ್ಳಬಹುದು. ಫೋನು, ರಾಡಾರ್, ಉಪಗ್ರಹ ಇವನ್ನು ಮಾಡುವವರು ಈ ವಿಷಯ ಬಿಟ್ಟು ಒಂದು ಹೆಜ್ಜೆಯೂ ಇಡಲಾರರು.

ಎರಡನೇ ಸಲದ ಪರೀಕ್ಷೆ ರಂಜಾನಿನಲ್ಲಿ ಬಂತು. ಸಹರಿ ಮುಗಿಸಿ, ಸುಬಹಿ ಆದ ಮೇಲೆ ದಿನಾ ಎರಡು ಗಂಟೆ ಕುಳಿತೆ. ಒಂದು ಕ್ರಮ ಇಟ್ಟುಕೊಂಡಿದ್ದೆ: ಚಿತ್ರ ಇಲ್ಲದೆ ಲೆಕ್ಕಕ್ಕೆ ಕೈ ಹಾಕುವುದಿಲ್ಲ, ಉತ್ತರ ಬಂದ ಮೇಲೆ ಅದನ್ನು ಎರಡು ಕಡೆ ನಿಲ್ಲಿಸಿ ನೋಡದೆ ಬಿಡುವುದಿಲ್ಲ. ಅದೇ ಬಳೆಯ ಲೆಕ್ಕ ತೆಗೆದುಕೊಳ್ಳಿ. ಎತ್ತರ ಸೊನ್ನೆಯಾದರೆ, ಅಂದರೆ ಬಳೆಯ ಕೇಂದ್ರದಲ್ಲೇ ನಿಂತರೆ, ಕ್ಷೇತ್ರ ಸೊನ್ನೆ ಬರಬೇಕು. ಬಹಳ ದೂರ ಹೋದರೆ ಬಳೆ ಚುಕ್ಕೆಯಂತೆ ಕಾಣುತ್ತದೆ, ಹಾಗಾಗಿ ಉತ್ತರ ಕೂಲಂಬನ ಸೂತ್ರದಂತೆಯೇ ಆಗಬೇಕು. ಎರಡೂ ಬಂದರೆ ಉತ್ತರ ನಂಬಬಹುದು. ನನ್ನ ಮೊದಲ ಉತ್ತರ ಕೇಂದ್ರದಲ್ಲೇ ಸೋಲುತ್ತಿತ್ತು, ನೋಡಲು ಅರ್ಧ ನಿಮಿಷ ಸಾಕಿತ್ತು. ಈ ಸಲ ಬಳೆ ಬರಲಿಲ್ಲ, ಆವೇಶ ಹರಡಿದ ತಟ್ಟೆ ಬಂತು. ತಟ್ಟೆ ಅಂದರೆ ಬಳೆಗಳ ಒಳಗೆ ಬಳೆಗಳು. 61 ಅಂಕ ಬಂತು. ದೊಡ್ಡ ಅಂಕವಲ್ಲ. ಅಣ್ಣ ಫೋನಿನಲ್ಲಿ ಮೂರು ಸಲ ಕೇಳಿಸಿಕೊಂಡ.

ಈಗ ಆ ತಮ್ಮನಿಗೆ ನೇರವಾಗಿ ಎರಡು ಮಾತು. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಅದಕ್ಕೆ ವೇಗ ಬೇಕು, ಶಾರ್ಟ್‌ಕಟ್ ಬೇಕು, ನಾನು ಬೇಡ ಎನ್ನುವುದಿಲ್ಲ. ಆದರೆ ಆ ವೇಗವನ್ನೇ ಇಂಜಿನಿಯರಿಂಗಿಗೂ ಹೊತ್ತುಕೊಂಡು ಹೋದದ್ದು ನನ್ನ ತಪ್ಪಾಗಿತ್ತು. ಗಣಿತದಲ್ಲಿ ವೆಕ್ಟರ್ ಅಧ್ಯಾಯ ಮಾಡುವಾಗ ಡಾಟ್ ಪ್ರಾಡಕ್ಟ್ ಮತ್ತು ಕ್ರಾಸ್ ಪ್ರಾಡಕ್ಟಿನ ಉತ್ತರ ತೆಗೆಯುವುದರ ಜೊತೆಗೆ ಅದು ಯಾವ ದಿಕ್ಕಿಗಿದೆ ಎಂದು ಕೈ ಆಡಿಸಿ ನೋಡು, ಯಾರಾದರೂ ನಕ್ಕರೆ ನಗಲಿ. ಎಂಟನೇ ಅಧ್ಯಾಯದ ಮೊದಲ ನಾಲ್ಕು ಪುಟವನ್ನು ಅಂಕಕ್ಕಲ್ಲದಿದ್ದರೂ ಒಂದು ಸಂಜೆ ಕುಳಿತು ಓದು, ಚೀಲ ಮತ್ತು ಬಳೆಯ ಚಿತ್ರ ಅಲ್ಲೇ ಇದೆ.

ಹೇಟ್ ಮತ್ತು ಬಕ್ ಬರೆದ ಪುಸ್ತಕದ ನನ್ನ ಹಳೆಯ ಪ್ರತಿಯನ್ನು ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಕೆಲವು ಪುಟಗಳಲ್ಲಿ ಚಾದ ಕಲೆ ಇದೆ, ಕ್ಷಮಿಸಿ. ಅಂಚಿನಲ್ಲಿ ಪೆನ್ಸಿಲಿನಿಂದ ಮಾಡಿದ ತಪ್ಪು ಲೆಕ್ಕಗಳನ್ನು ಅಳಿಸಿಲ್ಲ. ಎಲ್ಲಿ ತಪ್ಪಿದೆ ಎಂದು ಮೊದಲು ನೀವೇ ಹುಡುಕಿ, ಸರಿ ಉತ್ತರ ಕೊನೆಯ ಖಾಲಿ ಹಾಳೆಯಲ್ಲಿದೆ.